ಮೂತಿ ಎತ್ತಿ ನಿಂತ ಕ್ಯಾರವಾನ್

ನನ್ನ ಗಂಡ ಸೆತ್ ಹೆಪ್ವರ್ತ್ ಹದಿನಾಲ್ಕನೆಯ ವಯಸ್ಸಿಗೇ ಕಲ್ಲಿದ್ದಲ ಗಣಿಗೆ ಇಳಿದವನು. ಬಾರ್ನ್ಸ್ಲಿಯ ಸುತ್ತಿನ ನಮ್ಮ ಊರುಗಳಲ್ಲಿ ಗಂಡುಮಕ್ಕಳು ಬೇರೆ ಏನಾದರೂ ಆಗಬಹುದು ಎಂದು ಆಗ ಯಾರಿಗೂ ಹೊಳೆಯುತ್ತಿರಲಿಲ್ಲ. ಅಪ್ಪನ ಬೂಟು, ಅಣ್ಣನ ಕೋಟು, ತೀರಿಹೋದ ಚಿಕ್ಕಪ್ಪನ ಊಟದ ಡಬ್ಬಿ. ಇವಿಷ್ಟು ಅವನ ಮೊದಲ ದಿನದ ಆಸ್ತಿ. ಪಾಳಿ ಮುಗಿಸಿ ಮೇಲೆ ಬಂದವರೆಲ್ಲ ಸಿಗರೇಟಿಗೆ ಜೇಬು ತಡಕುತ್ತಿದ್ದರೆ ಇವನು ಆಕಾಶ ನೋಡುತ್ತ ನಿಂತುಬಿಡುತ್ತಿದ್ದ. ನಾನು ಅವನನ್ನು ಮೊದಲು ಕಂಡದ್ದೂ ಹಾಗೆಯೇ. ನಾನು ಗಣಿಯ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಅವನ ಮುಖವೆಲ್ಲ ಮಸಿ, ಎರಡೇ ಎರಡು ಕಣ್ಣು ಬೆಳ್ಳಗೆ, ಯಾವುದೋ ಮೋಡದ ಬೆನ್ನು ಹತ್ತಿ ಹೋಗಿದ್ದವು. ಚಹಾ ಆರಿಹೋಗುತ್ತದೆ ಎಂದೆ. ಆರಲಿ ಬಿಡು, ಮೋಡವೂ ಹೋಗಿಬಿಡುತ್ತದೆ ಅಂದ. ಇಂಥವನನ್ನು ಕಟ್ಟಿಕೊಂಡವಳಿಗೆ ಮನೆಯ ಕೊಳಾಯಿ ತಾನೇ ರಿಪೇರಿ ಮಾಡುವುದು ಬರಬೇಕು. ನನಗೆ ಬಂತು.

ವರ್ಷಕ್ಕೊಂದು ವಾರ ಗಣಿಗೆ ರಜೆ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಸಮುದ್ರದ ಕಡೆ ಹೊರಡುತ್ತಿತ್ತು. ನಾವು ಫೈಲಿಯಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೋಣೆ ಹಿಡಿಯುತ್ತಿದ್ದೆವು. ಆ ಮನೆಗಳ ಕಟ್ಟಳೆ ಒಂದೇ. ಬೆಳಗಿನ ತಿಂಡಿ ಆದಮೇಲೆ ಹೊರಗೆ ನಡೆಯಬೇಕು, ಸಂಜೆಯ ಊಟಕ್ಕೆ ಒಳಗೆ ಬರಬೇಕು. ಮಳೆಯಿರಲಿ, ಗಾಳಿಯಿರಲಿ, ಮಗುವಿಗೆ ಜ್ವರವಿರಲಿ, ನಡುವೆ ಬಾಗಿಲು ತೆರೆಯುತ್ತಿರಲಿಲ್ಲ. ದಡದ ಮೇಲಿನ ಬಸ್ ಶೆಡ್ಡಿನಲ್ಲಿ ಒದ್ದೆ ಕೋಟು ಹೊದ್ದು ಕುಳಿತು ನಾವು ಎಷ್ಟು ರಜೆ ಕಳೆದೆವೋ. ಅಲ್ಲಿಂದ ಸೆತ್ ಬಂಡೆಯ ಮೇಲಿನ ಬಯಲನ್ನು ನೋಡುತ್ತಿದ್ದ. ಅಲ್ಲಿ ಕ್ಯಾರವಾನುಗಳು ಸಾಲಾಗಿ ನಿಂತಿರುತ್ತಿದ್ದವು. ಕಾರಿನ ಹಿಂದೆ ಕಟ್ಟಿ ಎಳೆದು ತಂದ ಪುಟ್ಟ ಪುಟ್ಟ ಮನೆಗಳು. ಕಿಟಕಿಯಲ್ಲಿ ಹಳದಿ ದೀಪ, ಗಾಜಿನ ಮೇಲೆ ಕೆಟಲಿನ ಆವಿ. ಒಳಗಿದ್ದವರು ಒಳಗೇ ಇದ್ದಾರೆ, ಅವರನ್ನು ಯಾರೂ ಹೊರಗೆ ಅಟ್ಟುವುದಿಲ್ಲ ಎಂದು ಅವನು ದೇವಲೋಕದ ವರದಿ ಕೊಟ್ಟಂತೆ ಹೇಳುತ್ತಿದ್ದ.

ಐವತ್ತೆಂಟನೆಯ ವಯಸ್ಸಿಗೆ ಗಣಿಯವರೇ ಅವನನ್ನು ಕೆಲಸ ಬಿಡಿಸಿ ಮೇಲಕ್ಕೆ ಕಳಿಸಿದರು. ಎದೆಯೊಳಗೆ ಧೂಳು ಕಟ್ಟಿತ್ತು. ನಮ್ಮ ಬೀದಿಯಲ್ಲಿ ಅದು ಹೊಸ ಸುದ್ದಿಯಲ್ಲ. ಎರಡು ವರ್ಷ ಅವನು ಬೆನ್ನು ಚಾಚಿ ಮಲಗಲಿಲ್ಲ. ಮಲಗಿದರೆ ಉಸಿರು ನಿಂತಂತಾಗಿ ಎದ್ದು ಕೂರುತ್ತಿದ್ದ. ಒಲೆಯ ಪಕ್ಕದ ಕುರ್ಚಿಯೇ ಅವನ ಮಂಚ. ತೂಕಡಿಸುವುದು, ಕೆಮ್ಮುವುದು, ಮತ್ತೆ ತೂಕಡಿಸುವುದು. ಅದನ್ನು ನಿದ್ದೆ ಎನ್ನುವುದಾದರೆ ಚರಂಡಿಯ ನೀರನ್ನೂ ಸಮುದ್ರ ಎನ್ನಬಹುದು. ತಲೆಗೆ ಮೂರು ದಿಂಬು ಕೊಟ್ಟೆ. ಮಂಚದ ಕಾಲಿಗೆ ಇಟ್ಟಿಗೆ ಇಟ್ಟು ತಲೆಯ ಕಡೆ ಎತ್ತರ ಮಾಡಿದೆ. ಕಣ್ಣು ಮುಚ್ಚಿ ಒರಗಿರುತ್ತಿದ್ದ ಅಷ್ಟೆ, ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ಸಮುದ್ರದ ಗಾಳಿ ಒಳ್ಳೆಯದು ಎಂದರು. ಎಷ್ಟು ದಿನಕ್ಕೆ ಒಳ್ಳೆಯದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಣಿಯಿಂದ ಪರಿಹಾರ ಬಂದಾಗ ಸೆತ್ ಬೇರೆ ಯಾವುದರ ಮಾತೂ ಎತ್ತಲಿಲ್ಲ. ಕ್ಯಾರವಾನ್ ಎಂದ. ಹೊಸದು ಎಂದ.

ಆಮೇಲಿನ ಭಾನುವಾರಗಳೆಲ್ಲ ವೇಕ್‌ಫೀಲ್ಡಿನ ರಸ್ತೆಯಲ್ಲಿದ್ದ ಮಾರಾಟದ ಅಂಗಳದಲ್ಲೇ ಕಳೆದವು. ಕೊಳ್ಳುವವರೂ ಬರುತ್ತಿದ್ದರು, ನಮ್ಮ ಹಾಗೆ ಕನಸು ಕಾಣುವವರೂ ಬರುತ್ತಿದ್ದರು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋಗಿ, ಪ್ಲಾಸ್ಟಿಕ್ ಹೊದಿಸಿದ ಮೆತ್ತೆಯ ಮೇಲೆ ಗಂಡಹೆಂಡಿರು ಎದುರುಬದುರು ಕೂರುವುದು. ಪಕ್ಕದ ಕ್ಯಾರವಾನಿನಲ್ಲಿ ಕೂತವರಿಗೆ ಕಿಟಕಿಯಿಂದ ಕೈ ಬೀಸುವುದು. ಸೆತ್ ಕಣ್ಣು ಮುಚ್ಚಿಕೊಂಡು ಊರುಗಳ ಹೆಸರು ಹೇಳುತ್ತಿದ್ದ. ವಿಟ್ಬಿ ಎಂದರೆ ನಾನು ವಿಟ್ಬಿಯಲ್ಲಿ ಚಹಾ ಕಾಸಬೇಕು, ಬ್ಯಾಮ್‌ಬರೋ ಎಂದರೆ ಅಲ್ಲಿ ಮೊಟ್ಟೆ ಹುರಿಯಬೇಕು. ಒಲೆಯಲ್ಲಿ ಗ್ಯಾಸೂ ಇಲ್ಲ, ಕೈಯಲ್ಲಿ ಮೊಟ್ಟೆಯೂ ಇಲ್ಲ. ಹೊಸ ಮರದ ಪರಿಮಳ ಮಾತ್ರ, ಯಾರೂ ಇನ್ನೂ ಉಸಿರಾಡದ ಗಾಳಿಯ ಹಾಗೆ.

ಆದರೆ ಹೊಸದಕ್ಕೆ ಕಾಯಬೇಕಿತ್ತು. ನಾವು ಹೋದದ್ದು ಆಗಸ್ಟಿನಲ್ಲಿ. ಈಗ ಹೇಳಿದರೆ ಕಾರ್ಖಾನೆಯಿಂದ ಏಪ್ರಿಲ್‌ಗೆ ಬರುತ್ತದೆ ಎಂದ ಅಂಗಡಿಯವನು. ಚಳಿಗಾಲ ಎದೆರೋಗದವರನ್ನು ಹೇಗೆ ಆರಿಸಿಕೊಂಡು ಹೋಗುತ್ತದೆ ಎಂದು ನಮ್ಮ ಬೀದಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಳಸಿದ್ದನ್ನು ಕೊಳ್ಳೋಣ, ಈ ವಾರವೇ ಹೊರಡಬಹುದು ಎಂದು ನಾನು ಶುರುಮಾಡಿದೆ.

ಸೆತ್‌ನ ಅಕ್ಕ ಈವಿಗೆ ಈ ಮಾತು ಗೊತ್ತಾಗಿ ಅಡುಗೆಮನೆಗೇ ಬಂದು ನಿಂತಳು.

"ಅಲ್ಲ ಕಣೇ ನೆಲ್ಲಿ, ಯಾರೋ ಹೊರಳಾಡಿದ ಹಾಸಿಗೆ ಮೇಲೆ ನನ್ನ ತಮ್ಮನ್ನ ಮಲಗಿಸ್ತೀಯಾ? ಹುಟ್ಟಿದಾಗಿಂದ ಬೇರೆಯವರು ಬಿಟ್ಟಿದ್ದನ್ನೇ ಹಾಕ್ಕೊಂಡು ಬಂದಿದಾನೆ."

"ನನ್ನೂ ಸೇರಿಸಿ ಹೇಳ್ತಿದೀಯಾ?" ಎಂದೆ. ನನಗೆ ಸೆತ್‌ಗಿಂತ ಮೊದಲು ಒಬ್ಬ ಕಟುಕನ ಜೊತೆ ನಿಶ್ಚಯವಾಗಿ ಮುರಿದಿತ್ತು.

"ನೀನು ಪರವಾಗಿಲ್ಲ, ನಿನ್ನ ಛಾವಣಿ ಇನ್ನೂ ಸೋರ್ತಿಲ್ಲ" ಎಂದು ಈವಿ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದಳು.

ಸೆತ್ ನಗಲಿಲ್ಲ. ಅವಳು ಹೋದಮೇಲೆ "ಏಪ್ರಿಲ್‌ವರೆಗೆ ನಾನು ಇರೋದಿಲ್ಲ ಅಂತ ನಿನ್ನ ಲೆಕ್ಕ, ಅಲ್ವಾ?" ಎಂದ.

ನಾನು ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

"ಹೊಸದು ಬರುತ್ತೆ ಅಂತ ಇದ್ರೆ ಅದಕ್ಕೋಸ್ಕರನಾದ್ರೂ ಇರ್ತೀನಿ ಕಣೇ" ಎಂದ. "ಬರೋದು ಏನೂ ಇಲ್ದಿದ್ರೆ ಯಾಕೆ ಇರ್ಲಿ?"

ಹೊಸದಕ್ಕೇ ಹೇಳಿಬಿಡೋಣ ಎಂದು ನಾನು ಅರ್ಧ ಒಪ್ಪಿದ್ದೆ. ಆದರೂ ಪತ್ರಿಕೆ ಅಂಗಡಿಯ ಕಿಟಕಿಯಲ್ಲಿ ಒಂದು ಚೀಟಿ ಕಂಡಿದ್ದೆ, ಹೋಮ್‌ಫರ್ತ್ ಕಡೆಯ ಗುಡ್ಡದಲ್ಲಿ ಒಬ್ಬರು ಕ್ಯಾರವಾನ್ ಮಾರುತ್ತಾರೆಂದು. ಒಂದು ಸಲ ನೋಡಿ ಬೇಡ ಎಂದು ಹೇಳಿ ಬರೋಣ, ನನ್ನ ಮನಸ್ಸಿಗೆ ಸಮಾಧಾನ ಎಂದೆ. ಬೇಡ ಎನ್ನಲು ಹೊರಡುವುದಾದ್ದರಿಂದ ಸೆತ್ ಖುಷಿಯಿಂದಲೇ ಕಾರು ಓಡಿಸಿದ.

ಮಾರುವವರು ಹೊರೇಸ್ ಗ್ಲೆಡ್‌ಹಿಲ್ ಎಂಬ ನಿವೃತ್ತ ರೈಲ್ವೆ ಗಾರ್ಡು. ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಹಸಿರು ಪಟ್ಟಿಯ ಕ್ಯಾರವಾನು ಮನೆಯ ಪಕ್ಕದ ಏರುದಾರಿಯಲ್ಲಿ ಮೂತಿ ಮೇಲೆತ್ತಿ ನಿಂತಿತ್ತು. ನೀರು ಕುಡಿದು ಆಕಾಶ ನೋಡುವ ಕೋಳಿಯ ಹಾಗೆ. ಗ್ಲೆಡ್‌ಹಿಲ್ ಅದಕ್ಕಾಗಿ ಮೊದಲೇ ಕ್ಷಮೆ ಕೇಳಿದರು. ಕ್ಯಾರವಾನನ್ನು ಮಟ್ಟಕ್ಕೆ ನಿಲ್ಲಿಸದೆ ಬೇರೆಯವರಿಗೆ ತೋರಿಸುವುದು ಕ್ಯಾರವಾನ್ ಇಟ್ಟುಕೊಂಡವರಲ್ಲಿ ಹೊಲಸು ಅಂಗಿ ಹಾಕಿಕೊಂಡು ಚರ್ಚಿಗೆ ಹೋದ ಹಾಗೆ. ದಾರಿ ಸಮವಾಗಿಲ್ಲ, ಏನು ಮಾಡಲಿ ಎಂದು ಅವರು ಮೂರು ಸಲ ಹೇಳಿದರು.

ಸೆತ್ ಒಳಗೆ ಹೋಗಿ ಮೂಲೆಮೂಲೆಗೆ ಅಂಗೈ ಒತ್ತಿ ತೇವ ಹುಡುಕಿದ. ಹಿಂದಿನ ಕಿಟಕಿಯ ಕೆಳಗೆ ಚಹಾದ ಬಣ್ಣದ ಒಂದು ಕಲೆ ಸಿಕ್ಕಿತು. ಅವನ ಮುಖ ಅರಳಿತು. ಬೇಡ ಎನ್ನಲು ಕಾರಣ ಸಿಕ್ಕಿದ ಮನುಷ್ಯ ಬಲು ಸಂಭಾವಿತನಾಗುತ್ತಾನೆ. ಪರದೆಗಳು ಚೆನ್ನಾಗಿವೆ ಎಂದ, ಬೀರುವಿನ ಬಾಗಿಲು ಗಟ್ಟಿಯಾಗಿದೆ ಎಂದ. ಗ್ಲೆಡ್‌ಹಿಲ್ ಕ್ಯಾರವಾನಿನ ಒಲೆಯ ಮೇಲೆಯೇ ಚಹಾ ಕಾಸಿದರು. ಕೊಳ್ಳುವವನು ಅದರೊಳಗೇ ಕೂತು ಕುಡಿಯಬೇಕು, ಹಾಗೆ ಮಾಡದೆ ಯಾರೂ ವ್ಯಾಪಾರ ಮಾಡುವುದಿಲ್ಲ. ಕಪ್ಪಿನಲ್ಲಿ ಚಹಾ ಒಂದು ಕಡೆಗೆ ವಾಲಿ ನಿಂತಿತು. ಅವರು ಮತ್ತೆ ಕ್ಷಮೆ ಕೇಳಿದರು.

ಮುಂದಿನ ದೊಡ್ಡ ಕಿಟಕಿಯ ಎರಡು ಬದಿಗೂ ಉದ್ದನೆಯ ಆಸನ, ರಾತ್ರಿಗೆ ಅವೇ ಹಾಸಿಗೆ. ಉದ್ದ ಸಾಕಾಗುತ್ತದೋ ನೋಡಿಬಿಡುತ್ತೇನೆ ಎಂದು ಸೆತ್ ಬೂಟು ಬಿಚ್ಚಿ ಕಿಟಕಿಯ ಕಡೆ ತಲೆಯಿಟ್ಟು ಕಾಲು ಚಾಚಿದ. ಕಿಟಕಿಯ ಆಚೆ ಹುಲ್ಲುಗುಡ್ಡ, ಅದರ ಮೇಲೆ ಮೋಡದ ನೆರಳು ನಿಧಾನವಾಗಿ ಹತ್ತುತ್ತಿತ್ತು. ಗ್ಲೆಡ್‌ಹಿಲ್ ಸ್ಕಾಟ್ಲೆಂಡಿನ ಯಾವುದೋ ಸರೋವರದ ಬಳಿ ತಮ್ಮ ಹೆಂಡತಿಯ ಚಪ್ಪಲಿಯನ್ನು ಕುರಿ ತಿಂದ ಕತೆ ಹೇಳತೊಡಗಿದರು. ನಾನು ನಗುತ್ತ ಸೆತ್ ಕಡೆ ತಿರುಗಿದೆ.

ಅವನು ಮಲಗಿದ್ದ. ತೂಕಡಿಕೆಯಲ್ಲ, ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಕೈ ಹಾಸಿಗೆಯಿಂದ ಕೆಳಗೆ ಇಳಿಬಿದ್ದಿತ್ತು. ಉಸಿರು ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಎಲ್ಲೂ ಮುಗ್ಗರಿಸುತ್ತಿರಲಿಲ್ಲ. ಆ ಸದ್ದನ್ನು ನಾನು ಎಷ್ಟು ಕಾಲದಿಂದ ಕೇಳಿರಲಿಲ್ಲವೆಂದರೆ, ಮೊದಲು ಅದು ಹೊರಗಿನ ಮರದ್ದು ಎಂದುಕೊಂಡೆ.

ನನ್ನ ಮುಖ ನೋಡಿ ಗ್ಲೆಡ್‌ಹಿಲ್ ಕುರಿಯನ್ನು ಅರ್ಧಕ್ಕೇ ಬಿಟ್ಟರು. ಪರದೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಎಳೆದರು. ಇಬ್ಬರೂ ಕಪ್ಪು ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತೆವು. ನಾನು ಪಿಸುದನಿಯಲ್ಲಿ ಕುರ್ಚಿಯ ವಿಷಯ ಹೇಳಿದೆ, ಇಟ್ಟಿಗೆಯ ವಿಷಯ ಹೇಳಿದೆ. ಅವರು ಮನೆಯೊಳಗೆ ಹೋಗಿ ಒಂದು ಕಂಬಳಿ ತಂದು ನನ್ನ ಮೊಣಕಾಲಿಗೆ ಹೊದಿಸಿದರು. ಗುಡ್ಡದ ಮೇಲಿನ ನೆರಳು ಹತ್ತಿ ಮುಗಿಯಿತು, ಬಿಸಿಲು ಕೆಂಪಾಯಿತು, ಪಕ್ಕದ ಮನೆಯವರು ಹಸು ಹೊಡೆದುಕೊಂಡು ಹೋದರು. ನಾವು ಇಬ್ಬರು ಅಪರಿಚಿತರು ಒಂದು ಮಗುವನ್ನು ಮಲಗಿಸಿ ಬಂದವರ ಹಾಗೆ ಕುಳಿತೇ ಇದ್ದೆವು.

ಕೊನೆಗೆ ಒಳಗಿನಿಂದ ದನಿ ಬಂತು. "ನೆಲ್ಲಿ, ಎಲ್ಲಿಗೆ ಬಂದ್ವಿ?"

ಎಲ್ಲಿಗೂ ಬಂದಿಲ್ಲ, ಹೋಮ್‌ಫರ್ತ್‌ನಲ್ಲೇ ಇದ್ದೇವೆ ಎಂದೆ.

ಅವನು ಎದ್ದು ಕುಳಿತು ಕಿಟಕಿಯನ್ನು ನೋಡಿದ, ವಾಲಿದ ಚಹಾ ನೋಡಿದ, ಕಲೆಯಿದ್ದ ಮೂಲೆಯನ್ನೂ ನೋಡಿದ. ದಾರಿಯ ಏರಿನಿಂದ ನಿದ್ದೆ ಬಂತೋ, ಮೋಡದಿಂದ ಬಂತೋ, ಎಲ್ಲಿಗೋ ಹೊರಟಿದ್ದೇವೆ ಎಂಬ ಭ್ರಮೆಯಿಂದ ಬಂತೋ ಯಾರಿಗೆ ಗೊತ್ತು. ಹೊಸ ಕ್ಯಾರವಾನಿನಲ್ಲೂ ಹೀಗೆ ಬಂದೀತು ಎಂದು ನಾನೇ ಹೇಳಿದೆ, ಅವನ ಆಸೆ ಮುರಿಯಲು ಮನಸ್ಸಾಗದೆ.

"ಬಂದೀತು, ಏಪ್ರಿಲ್‌ನಲ್ಲಿ" ಎಂದ ಅವನು. "ನನಗೆ ನಾಳೆನೂ ನಿದ್ದೆ ಬೇಕಲ್ಲ ಕಣೇ." ಆಮೇಲೆ ಗ್ಲೆಡ್‌ಹಿಲ್ ಕಡೆ ತಿರುಗಿ ಕೈ ಚಾಚಿದ. ಅಷ್ಟೇ ವ್ಯಾಪಾರ.

ಸೆಪ್ಟೆಂಬರಿನಲ್ಲಿ ಹೊರಟೆವು. ಅವನು ಓಡಿಸುವುದು, ನಾನು ನೀರು ಹೊರುವುದು, ಕ್ಯಾರವಾನು ಅಲುಗದಂತೆ ಅದರ ಮೂಲೆಯ ಕಾಲುಗಳನ್ನು ಇಳಿಸುವುದು. ಎಲ್ಲಿ ನಿಲ್ಲಿಸಿದರೂ ಗ್ಲೆಡ್‌ಹಿಲ್ ಅವರ ಮನೆದಾರಿಯಲ್ಲಿ ಅದು ನಿಂತಿದ್ದಂತೆಯೇ ಮೂತಿ ಎತ್ತಿ ನಿಲ್ಲಿಸುತ್ತಿದ್ದೆ. ಮೊಟ್ಟೆ ಬಾಣಲೆಯ ಒಂದೇ ಕಡೆಗೆ ಜಾರುತ್ತಿತ್ತು. ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಸೆತ್ ಮಲಗುತ್ತಿದ್ದ. ಎಲ್ಲ ದಿನವೂ ಅಲ್ಲ. ಕೆಲವು ದಿನ ಕೆಮ್ಮು ಗೆಲ್ಲುತ್ತಿತ್ತು. ಆದರೆ ಆ ಏಪ್ರಿಲನ್ನೂ ಅವನು ನೋಡಿದ, ಅದರ ಮುಂದಿನದನ್ನೂ ನೋಡಿದ.

ಜನ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕ್ಯಾರವಾನಿನಲ್ಲಿ ತಿರುಗುವ ಜನ ಬಡತನ ನೋಡಿ ಸುಮ್ಮನಿದ್ದಾರು, ಜಗಳ ನೋಡಿ ಪರದೆ ಎಳೆದುಕೊಂಡಾರು, ಮಟ್ಟ ತಪ್ಪಿದ ಕ್ಯಾರವಾನನ್ನು ಕಂಡರೆ ಅವರಿಗೆ ಅನ್ನ ಇಳಿಯುವುದಿಲ್ಲ. ಪಾಪ, ಈ ಮುದುಕರಿಗೆ ಗೊತ್ತಾಗಿಲ್ಲ ಎಂದು ಮಟ್ಟ ನೋಡುವ ರಸಮಟ್ಟ ಹಿಡಿದುಕೊಂಡು ಬಂದೇ ಬರುತ್ತಿದ್ದರು. ಇದು ನಮಗೆ ಹೀಗೇ ಇಷ್ಟ ಎಂದರೆ ನಮ್ಮನ್ನು ಹುಚ್ಚರ ಹಾಗೆ ನೋಡುತ್ತಿದ್ದರು. ಅವರನ್ನು ಸಾಗಹಾಕುವುದು ಸೆತ್‌ಗೆ ಒಂದು ಆಟವಾಗಿತ್ತು. ಒಬ್ಬರಿಗೆ ತನ್ನ ಒಂದು ಕಾಲು ಗಿಡ್ಡ ಎಂದಿದ್ದ.

ಬ್ಯಾಮ್‌ಬರೋದಲ್ಲಿ ಒಂದು ಮಧ್ಯಾಹ್ನ ನಾನು ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಪಕ್ಕದ ಸಾಲಿನ ದಪ್ಪ ಮನುಷ್ಯನೊಬ್ಬ ನಮ್ಮ ಕ್ಯಾರವಾನಿನ ಮೂತಿಯನ್ನು ಏರಿಸಿ ಇಳಿಸುವ ಪುಟ್ಟ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕುಳಿತು ಹಿಡಿಕೆಗೆ ಕೈ ಹಾಕಿದ್ದ. ಒಳ್ಳೆಯ ಮನಸ್ಸು, ನಾವು ಬರುವುದರೊಳಗೆ ಸರಿಮಾಡಿಬಿಡೋಣ ಎಂದು. ಒಳಗೆ ಸೆತ್ ಮಲಗಿದ್ದ. ನಾನು ಬಕೆಟ್ ಇಳಿಸಿ ಆ ಮನುಷ್ಯನ ಭುಜ ಮುಟ್ಟಿದೆ, ತುಟಿಯ ಮೇಲೆ ಬೆರಳಿಟ್ಟೆ, ಕಿವಿಯ ಹತ್ತಿರ ಬಾಗಿ ವಿಷಯ ಹೇಳಿದೆ. ಅವನ ತಂದೆಯೂ ಗಣಿಯವನಂತೆ. ಕುರ್ಚಿಯಲ್ಲಿ ಮಲಗುವುದೆಂದರೆ ಏನು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅವನು ಮೆಲ್ಲಗೆ ಎದ್ದು ತನ್ನ ಸಾಲಿಗೆ ಹೋದ. ಒಂದೊಂದೇ ಬಾಗಿಲಲ್ಲಿ ನಿಂತು ಏನೋ ಹೇಳುತ್ತ ಹೋಗುವುದು ಕಂಡಿತು. ಒಬ್ಬರ ರೇಡಿಯೊ ನಿಂತಿತು. ಚೆಂಡಾಡುತ್ತಿದ್ದ ಮಕ್ಕಳನ್ನು ಯಾರೋ ಮರಳುದಿಣ್ಣೆಯ ಆಚೆಗೆ ಕರೆದೊಯ್ದರು. ಒಬ್ಬಳು ಹೆಂಗಸು ನಾಯಿಯನ್ನು ಎತ್ತಿಕೊಂಡೇ ನಮ್ಮ ಮುಂದೆ ದಾಟಿ ಹೋದಳು. ನಮ್ಮ ಬಾಗಿಲು ಎಂದಿನಂತೆ ತಾನಾಗಿ ತೆರೆದುಕೊಂಡಿತು. ಇಡೀ ಬಯಲಿನಲ್ಲಿ ಸಮುದ್ರದ ಸದ್ದು, ಒಳಗೆ ಮಲಗಿದ್ದ ಸೆತ್‌ನ ಉಸಿರು, ಬೇರೇನೂ ಇರಲಿಲ್ಲ.