ಮೇ ಐ ಕಮಿನ್, ಮಿಸ್

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಹೇಳಿಕೊಡಬೇಕು ಎಂದು ಆದೇಶ ಬಂದಾಗ ನನಗೆ ನಲವತ್ತೇಳು ವರ್ಷ. ಮಂಡಿನೋವು ಆಗಲೇ ಶುರುವಾಗಿತ್ತು. ಮನೆ ಅರಸೀಕೆರೆಯಲ್ಲಿ, ಶಾಲೆ ಹಳೇಬೀಡಿನಿಂದಲೂ ಆಚೆ, ಹುಲಿಕೆರೆ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಬೆಳಗಿನ ಜಾವ ಎದ್ದು, ಹಾಸಿಗೆ ಹಿಡಿದಿದ್ದ ಅತ್ತೆಯ ಮೈ ಒರೆಸಿ, ಅಡುಗೆ ಮಾಡಿಟ್ಟು, ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದೆ. ಅರ್ಧ ದಾರಿ ನಿಂತೇ ಪ್ರಯಾಣ. ದಿನದ ಕೆಲಸ ಶುರುವಾಗುವ ಮೊದಲೇ ಒಂದು ದಿನದಷ್ಟು ಸುಸ್ತಾಗಿರುತ್ತಿತ್ತು.

ಇಪ್ಪತ್ತಾರು ವರ್ಷ ಅ ಆ ಇ ಈ ತಿದ್ದಿಸಿಕೊಂಡು ಬಂದವಳು ನಾನು. ನನ್ನ ಇಂಗ್ಲಿಷಿನ ಯೋಗ್ಯತೆ ನನಗೆ ಚೆನ್ನಾಗಿಯೇ ಗೊತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅದೊಂದು ವಿಷಯಕ್ಕೆ ಎರಡು ಸಲ ಕೂತು ಪಾಸಾದವಳು. ಆದೇಶ ಓದಿದಾಗ ಹೆಡ್‌ಮೇಷ್ಟ್ರ ಎದುರಿಗೇ ಕಣ್ಣಲ್ಲಿ ನೀರು ಬಂತು.

"ನಿಮಗೆ ಕೊಡ್ದೆ ಇನ್ಯಾರಿಗೆ ಕೊಡ್ಲಿ ಮೇಡಂ? ಇರೋದೇ ಇಬ್ರು ಟೀಚರ್ಸು," ಎಂದರು ಅವರು. ಆ ಇಬ್ಬರಲ್ಲಿ ಒಬ್ಬರು ಅವರೇ.

ಬೇಲೂರಿನಲ್ಲಿ ಹತ್ತು ದಿನ ತರಬೇತಿ ನಡೆಯಿತು. ನಮಗೆ ಕಲಿಸಲು ಬಂದವಳಿಗೆ ನನ್ನ ಮಗಳ ವಯಸ್ಸು. ಕುಣಿದು, ಚಪ್ಪಾಳೆ ತಟ್ಟಿ, ಅಭಿನಯ ಮಾಡಿ ಪದ ಕಲಿಸಬೇಕಂತೆ. ‘ಸ್ಟ್ಯಾಂಡ್ ಅಪ್’ ಎಂದಾಗ ನಾವು ನಲವತ್ತು ಜನ ಗೊಣಗಿಕೊಂಡು ಏಳುತ್ತಿದ್ದೆವು, ‘ಸಿಟ್ ಡೌನ್’ ಎಂದಾಗ ಮಾತ್ರ ಮನಸಾರೆ ಕೂರುತ್ತಿದ್ದೆವು. ಅರೇಹಳ್ಳಿ ಕಡೆಯಿಂದ ಬರುತ್ತಿದ್ದ, ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮೇಷ್ಟರೊಬ್ಬರು ‘ಜಂಪ್’ ಎಂದಾಗ ಕೂತಲ್ಲಿಯೇ ಕಾಲಿನ ಹೆಬ್ಬೆರಳು ಎತ್ತಿ ಇಳಿಸಿದರು. "ನನ್ ಜಂಪು ಇಷ್ಟೇ ಕಣಮ್ಮಾ," ಎಂದರು. ಆ ಹತ್ತು ದಿನಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ. ಕೊನೆಯ ದಿನ ಆ ಹುಡುಗಿ ಹೇಳಿದಳು, ದಿನಬಳಕೆಯ ಮಾತಿನಿಂದ ಶುರುಮಾಡಿ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಆದಷ್ಟೂ ಇಂಗ್ಲಿಷೇ ಮಕ್ಕಳ ಕಿವಿಗೆ ಬೀಳಲಿ ಎಂದು. ‘ಆದಷ್ಟೂ’ ಎಂದಿದ್ದಳು, ಪಾಪ. ಅದನ್ನು ಕಟ್ಟುನಿಟ್ಟಿನ ಕಾನೂನು ಮಾಡಿದವಳು ನಾನು.

ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಎಡಗಡೆ ಕನ್ನಡ, ಬಲಗಡೆ ಕನ್ನಡ ಅಕ್ಷರದಲ್ಲೇ ಬರೆದ ಇಂಗ್ಲಿಷ್. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಅದನ್ನು ಬಿಡಿಸಿಕೊಂಡು ತುಟಿಯಲ್ಲೇ ಉರುಹೊಡೆಯುತ್ತಿದ್ದೆ. ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯರು ಇಣುಕಿ ನೋಡಿ ಕಿಸಕ್ಕೆಂದರೆ ಪುಟದ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ಬೇಕಿತ್ತು ಎಂದು ದಿನಕ್ಕೊಂದು ಸಲವಾದರೂ ಅನ್ನಿಸುತ್ತಿತ್ತು. ಆದರೂ ಓದಿದೆ. ಮಕ್ಕಳ ಮುಂದೆ ಪೆಚ್ಚಾಗಿ ನಿಲ್ಲುವುದಕ್ಕಿಂತ ಕಾಲೇಜು ಹುಡುಗಿಯರ ಮುಂದೆ ಪೆಚ್ಚಾಗುವುದು ವಾಸಿ.

ತರಬೇತಿಯಲ್ಲಿ ಕೊಟ್ಟಿದ್ದ ಚಾರ್ಟಿನಲ್ಲಿ ಹಿಮದ ಮನೆಯ ಚಿತ್ರವಿತ್ತು, ಹಡಗಿನ ಚಿತ್ರವಿತ್ತು. ನಮ್ಮ ಮಕ್ಕಳು ಎರಡನ್ನೂ ಕಂಡವರಲ್ಲ. ಚಾರ್ಟು ಸುತ್ತಿಟ್ಟು, ನಿಮ್ಮ ಮನೆಯಲ್ಲಿ, ಹೊಲದಲ್ಲಿ ಏನೇನಿದೆ ಹೇಳಿ ಎಂದೆ. ಅವರು ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತ ಹೋದೆ. ಬಕೆಟ್ಟು, ಪೈಪು, ಮೋಟ್ರು, ಸ್ಟಾಟ್ರು, ಗೇಟು, ಲೈಟು, ಬಸ್ಸು, ಟಿಕೀಟು, ಕರೆಂಟು. ಇವೆಲ್ಲ ಇಂಗ್ಲಿಷೇ ಎಂದಾಗ ಅವರು ನಂಬಲಿಲ್ಲ. "ಕರೆಂಟು ನಮ್ದಲ್ವಾ ಮಿಸ್?" ಎಂದು ಒಬ್ಬ ಕೇಳಿದ. ಒಂದು ಗಂಟೆಯಲ್ಲಿ ಮೂವತ್ತು ಪದ ಸಿಕ್ಕಿದವು, ನಾನು ಒಂದನ್ನೂ ಕಲಿಸಿರಲಿಲ್ಲ. ಮೊರಕ್ಕೂ ಒನಕೆಗೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೂ ತಿಳಿಯದು, ಅವನ್ನು ಕನ್ನಡದಲ್ಲೇ ಬಿಟ್ಟೆ.

ಪದಗಳು ಹಾಗೆ ಸಲೀಸಾಗಿ ಬಂದವು. ವಾಕ್ಯಗಳು ಬರಲಿಲ್ಲ. ಅದಕ್ಕೇ ಒಂದು ನಿಯಮ ಮಾಡಿದೆ. ಒಳಗೆ ಬರಬೇಕಾದರೆ ‘ಮೇ ಐ ಕಮಿನ್, ಮಿಸ್’ ಎನ್ನಬೇಕು, ಹೊರಗೆ ಹೋಗಬೇಕಾದರೆ ‘ಮೇ ಐ ಗೋ ಔಟ್, ಮಿಸ್’ ಎನ್ನಬೇಕು. ಕನ್ನಡದಲ್ಲಿ ಕೇಳಿದರೆ ಬಿಡುವುದಿಲ್ಲ. ‘ಕಮ್’ ಅಂದರೆ ಬಾ, ‘ಗೋ’ ಅಂದರೆ ಹೋಗು ಎಂದು ಬಾಗಿಲಿಗೂ ಬೋರ್ಡಿಗೂ ನಡುವೆ ನಾನೇ ಓಡಾಡಿ ತೋರಿಸಿದೆ. ವಾರದಲ್ಲಿ ಎಲ್ಲರಿಗೂ ಬಾಯಿಪಾಠವಾಯಿತು. ಅವಸರವಿದ್ದವರ ಬಾಯಲ್ಲಿ ಇಂಗ್ಲಿಷ್ ಬೇಗ ಬರುತ್ತದೆ ಎಂದು ಹೆಡ್‌ಮೇಷ್ಟ್ರ ಹತ್ತಿರ ಜಂಬ ಕೊಚ್ಚಿಕೊಂಡೆ.

ಆ ತರಗತಿಯಲ್ಲಿ ಒಬ್ಬಳು ಹುಡುಗಿ. ಅವಳ ಅಪ್ಪ ಅವ್ವ ಅರೇಹಳ್ಳಿ ಕಡೆಯ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು, ಇವಳು ಇಲ್ಲಿ ಅಜ್ಜಿಯ ಜೊತೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಮಾತು ಕಡಿಮೆ. ಹೇಳಿಕೊಟ್ಟಿದ್ದನ್ನು ಕೂಡಲೇ ಒಪ್ಪಿಸುವವಳಲ್ಲ. ಮೊದಲು ತುಟಿಯೊಳಗೆ ಒಂದು ಸಲ ಹೇಳಿಕೊಂಡು ನೋಡುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಬಿಸಿಯೂಟ ಮುಗಿದಿತ್ತು. ಹಿಂದಿನ ರಾತ್ರಿ ಅತ್ತೆ ನಿದ್ದೆ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ನಿಯಮ ಬಂದ ಮೇಲೆ ಮೊದಲ ಸಲ ಆ ಹುಡುಗಿ ಎದ್ದು ನಿಂತಳು.

"ಮಿಸ್, ಮೇ ಐ ಕಮಿನ್, ಮಿಸ್?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

"ಒಳಗೇ ಇದೀಯಲ್ಲೇ! ಎಲ್ಲಿಗ್ ಬರ್ತೀಯ? ಸರಿಯಾಗಿ ಯೋಚ್ನೆ ಮಾಡಿ ಕೇಳು."

ಅವಳು ಯೋಚಿಸಿದಳು. ತುಟಿಯೊಳಗೆ ಏನೋ ಹೇಳಿಕೊಂಡಳು. ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲವೂ ಅದನ್ನೇ ಕೇಳಿದಾಗ ನನಗೆ ರೇಗಿತು. ಮೊಂಡಾಟ ಎನ್ನಿಸಿತು. "ಕೂತ್ಕೋ. ಬಾಯಿಗ್ ಸರಿಯಾಗಿ ಬಂದ್ಮೇಲೆ ಹೋಗುವೆಯಂತೆ," ಎಂದೆ.

ಅವಳಿಗೆ ಹೊರಗೆ ಹೋಗಬೇಕಿದೆ ಎಂಬುದು ನನಗೆ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ನೋಡಿದವರಿಗೆಲ್ಲ ಗೊತ್ತಾಗುವ ಹಾಗಿತ್ತು. ಒಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ನಿಯಮ ನಿಯಮವೇ ಎಂಬ ಹಟ ನನ್ನನ್ನು ಹಿಡಿದಿತ್ತು, ಅದರ ಹಿಂದೆ ನಿದ್ದೆಗೆಟ್ಟ ಸಿಟ್ಟೂ ಇತ್ತು. ಬೋರ್ಡಿನ ಕಡೆ ತಿರುಗಿ ‘ಡೋರ್, ವಿಂಡೋ’ ಬರೆಯುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಪಕ್ಕದ ಹುಡುಗಿ ಲಂಗ ಎತ್ತಿಕೊಂಡು ದೂರ ಸರಿದಳು. ಜಮಖಾನದ ಮೇಲೆ ಒದ್ದೆ ಹರಡಿತ್ತು. ಈ ಸಲ ಯಾರೂ ಜೋರಾಗಿ ನಗಲಿಲ್ಲ, ಬಾಯಿ ಮುಚ್ಚಿಕೊಂಡು ನಕ್ಕರು. ಅವಳು ಅಳಲೂ ಇಲ್ಲ. ಬ್ಯಾಗು ಎತ್ತಿಕೊಂಡಳು, ನನ್ನನ್ನು ಏನೂ ಕೇಳದೆ ಬಾಗಿಲು ದಾಟಿ ಹೋದಳು.

ಮರುದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಐದು ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಎದುರು ಗೈರು ಹಾಕಿದೆ. ಆರು ವರ್ಷದ ಮಗು, ಶಾಲೆ ಬಿಡಿಸಿದರೆ ಕೇಳುವವರಿರಲಿಲ್ಲ. ಅಪ್ಪ ಅವ್ವನ ಹಿಂದೆ ತೋಟಕ್ಕೆ ಹೋದರೆ ಅಲ್ಲಿಗೆ ಅವಳ ಓದು ಮುಗಿದಂತೆಯೇ. ಶನಿವಾರ ಬೆಳಗಿನ ತರಗತಿ ಮುಗಿಸಿ, ಬಸ್ಸು ತಪ್ಪಿದರೆ ತಪ್ಪಲಿ ಎಂದು ಅವಳ ಮನೆಗೆ ಹೊರಟೆ.

ಅಜ್ಜಿ ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದು ಚಾಪೆ ಹಾಸಿದರು. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ, ಅವರು ಕ್ಷಮೆ ಕೇಳುವವರ ಹಾಗೆ ಮಾತಾಡತೊಡಗಿದರು.

"ನಿಮ್ ಜಮಖಾನ ಹಾಳು ಮಾಡ್ಬುಟ್ಲು ಮೇಡಮ್ಮೋರೆ. ತಂದ್ಕೊಡಿ, ಒಗ್ದು ಕೊಡ್ತೀನಿ."

ಹುಡುಗಿ ಬಾಗಿಲ ಹಿಂದಿದ್ದಳು. ಜಡೆಯ ತುದಿ ಮಾತ್ರ ಕಾಣುತ್ತಿತ್ತು. ನಾನು ಚಾಪೆಯ ಮೇಲಿಂದಲೇ ಕೇಳಿದೆ, ಈ ಸಲ ಮೆತ್ತಗೆ: "ಗೋ ಅಂದ್ರೆ ಏನು ಅಂತ ನಿಂಗ್ ಗೊತ್ತಿತ್ತು ಅಲ್ವಾ ಪುಟ್ಟಿ? ಮತ್ಯಾಕೆ ಕಮ್ ಅಂದೆ?"

ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು.

"ಗೋ ಅಂದ್ರೆ ಹೋಯ್ತೀನಿ ಅಂತ. ಅಂಗನ್ಬಾರ್ದು ಮಿಸ್. ಬತ್ತೀನಿ ಅನ್ಬೇಕು."

ಮತ್ತೆ ಹುಣಸೆ ಬಿಡಿಸತೊಡಗಿದ್ದ ಅಜ್ಜಿಯ ಕೈ ನಿಂತಿತು. "ಅಯ್ಯೋ, ನಂದೇ ತೆಪ್ಪು ಮೇಡಮ್ಮೋರೆ," ಎಂದರು. "ಅವರಪ್ಪ ತೋಟಕ್ ಹೊಂಟಾಗ ಈ ಮುಂಡೇದು ಹೋಯ್ತೀಯಾ ಅಪ್ಪಾ, ಹೋಯ್ತೀಯಾ ಅಂತ ಕೇಳ್ತಿತ್ತು. ಹೊಸ್ಲು ದಾಟೋರ್ಗೆ ಅಂಗ್ ಯೋಳ್ತಾರಾ? ನೀನೂ ಅನ್ಬಾರ್ದು, ಇನ್ನೊಬ್ರುಗೂ ಅನ್ಬಾರ್ದು, ಬತ್ತೀನಿ ಅನ್ಬೇಕು ಅಂತ ಬಾಯ್ ಮ್ಯಾಲೆ ಒಂದೇಟು ಕೊಟ್ಟಿದ್ದೆ. ಅದ್ನೇ ಇಡ್ಕೊಂಡೈತೆ."

ಇಪ್ಪತ್ತೈದು ವರ್ಷದಿಂದ ನಾನೂ ದಿನಾ ಬೆಳಿಗ್ಗೆ ಅತ್ತೆಗೆ ‘ಬರ್ತೀನಿ’ ಎಂದೇ ಹೇಳಿ ಮನೆ ಬಿಡುತ್ತಿದ್ದವಳು. ‘ಹೋಗ್ತೀನಿ’ ಎಂದು ಒಂದು ದಿನವೂ ಅಂದವಳಲ್ಲ, ಅಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಇಡೀ ತರಗತಿಯಲ್ಲಿ ಉಳಿದವರೆಲ್ಲ ಗಿಣಿಪಾಠ ಒಪ್ಪಿಸುತ್ತಿದ್ದರು. ಪದದ ಅರ್ಥವನ್ನು ನಿಜವಾಗಿ ಮನಸ್ಸಿಗೆ ಇಳಿಸಿಕೊಂಡು, ಮನೆಯ ಮಾತಿಗೆ ಹೊಂದಿಸಿಕೊಂಡು, ಮರ್ಯಾದೆಯಾಗಿ ‘ಬರಲಾ’ ಎಂದು ಕೇಳಿದವಳು ಇವಳೊಬ್ಬಳೇ. ಅವಳನ್ನು ನೋಡಿ ನಾನು ನಕ್ಕಿದ್ದೆ. ನನಗೆ ತುಂಬ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದಣಿವಾಯಿತು.

"ನಿಂದು ತಪ್ಪಲ್ಲ ಪುಟ್ಟಿ. ಮಿಸ್‌ದೇ ತಪ್ಪು. ಸೋಮವಾರ ಬಾ," ಎಂದು ಹೇಳಿದೆ. ಜಡೆ ಒಳಗೆ ಸರಿಯಿತು. ಅಜ್ಜಿ ಕೊಟ್ಟ ಬೆಲ್ಲದ ಕಾಫಿ ಕುಡಿದು ಹೊರಟಾಗ ಬಸ್ಸು ಹೋಗಿಯಾಗಿತ್ತು.

ಸೋಮವಾರ ಅವಳು ಬಂದಳು. ಅಂದೇ ನಾನು ನಿಯಮ ತೆಗೆದುಹಾಕಿದೆ. ಹೊರಗೆ ಹೋಗಬೇಕಾದವರು ಯಾವ ಭಾಷೆಯಲ್ಲಾದರೂ ಕೇಳಿ, ಕೇಳದೆಯೂ ಹೋಗಿ ಎಂದು ಎಲ್ಲರಿಗೂ ಕನ್ನಡದಲ್ಲೇ ಹೇಳಿದೆ. ನಕ್ಕಿದ್ದ ಮಕ್ಕಳಿಗೆ ಅವಳು ಯಾಕೆ ಹಾಗೆ ಅಂದಳೆಂಬುದನ್ನೂ ವಿವರಿಸಿದೆ. "ನಮ್ಮನೇಲೂ ಅಂಗೇ ಅಂತಾರೆ ಮಿಸ್," ಎಂದರು ಮೂವರು ನಾಲ್ವರು. ಅಲ್ಲಿಗೆ ಎಲ್ಲ ಸರಿಹೋಯಿತೆಂದೇ ತಿಳಿದೆ.

ಸರಿಹೋದಂತೆಯೇ ಕಾಣುತ್ತಿತ್ತು. ಹುಡುಗಿ ಕಲಿಯತೊಡಗಿದಳು, ಎಂಥ ಕಲಿಕೆ ಅದು! ನನ್ನ ನೋಟ್‌ಬುಕ್ಕಿನಲ್ಲಿದ್ದ ಪದಗಳು ಮುಗಿದು ನಾನು ಹೊಸ ನೋಟ್‌ಬುಕ್ ಕೊಳ್ಳಬೇಕಾಯಿತು. ಎರಡನೇ ತರಗತಿಗೆ ಬರುವ ಹೊತ್ತಿಗೆ ವಾಕ್ಯಗಳನ್ನೂ ಹೇಳುತ್ತಿದ್ದಳು. ‘ಐ ಆಮ್ ಹಂಗ್ರಿ’, ‘ಇಟ್ ಈಸ್ ರೈನಿಂಗ್’, ‘ಗಿವ್ ಮಿ ದ ಚಾಕ್’. ಶಾಲೆ ನೋಡಲು ಬಂದಿದ್ದ ಸಾಹೇಬರು ಅವಳನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳಿದರು, ಹತ್ತಕ್ಕೂ ಉತ್ತರ ಬಂತು. "ಇದೆಲ್ಲ ನಿಮ್ಮ ಶ್ರಮ ಮೇಡಂ," ಎಂದು ಹೊಗಳಿದರು. ಆ ದಿನ ಬಸ್ಸಿನಲ್ಲಿ ನಿಂತೇ ಬಂದರೂ ಮಂಡಿ ನೋಯಲಿಲ್ಲ.

ಅದಾದ ಕೆಲವು ದಿನಗಳಿಗೆ ಅಜ್ಜಿ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಮೊಮ್ಮಗಳ ಹೊಗಳಿಕೆ ಕೇಳಿ ಕಣ್ಣು ತುಂಬಿಕೊಂಡರು. ಆಮೇಲೆ, ಯಾವುದೋ ಸಣ್ಣ ವಿಷಯ ಹೇಳುವಂತೆ ಹೇಳಿದರು.

"ಒಂದೇ ಚಿಂತೆ ಮೇಡಮ್ಮೋರೆ. ಬೆಳಗ್ಗೆ ಕಾಪಿ ಬ್ಯಾಡ ಅಂತಾಳೆ, ನೀರೂ ಬ್ಯಾಡ ಅಂತಾಳೆ. ಸಂಜೆ ಇಸ್ಕೂಲಿಂದ ಬಂದೋಳೇ ದೊಡ್ ಚೊಂಬು ನೀರು ಗಟಗಟ ಅಂತ ಕುಡೀತಾಳೆ. ಡಾಕುಟ್ರಿಗೆ ತೋರ್ಸ್ಬೇಕಾ ಏನು?"

ಮರುದಿನ ನಾನು ಅವಳನ್ನೇ ನೋಡುತ್ತ ಕೂತೆ. ಕುತ್ತಿಗೆಗೆ ನೇತುಹಾಕಿಕೊಂಡು ಬರುತ್ತಿದ್ದ ನೀಲಿ ಬಾಟಲಿ ಬೆಳಗಿನಿಂದ ಮುಚ್ಚಳ ತೆಗೆಯದೆ ಗೋಡೆಗೊರಗಿತ್ತು. ಊಟದ ಹೊತ್ತಿನಲ್ಲಿ ಸಾರು ಬೇಡವೆಂದು ಬರೀ ಅನ್ನ ತಿಂದಳು. ಬೇರೆ ಮಕ್ಕಳು ನಲ್ಲಿಗೆ ಮುಗಿಬಿದ್ದು ಬೊಗಸೆಯಲ್ಲಿ ನೀರು ಕುಡಿಯುವಾಗ ಇವಳು ತಟ್ಟೆ ತೊಳೆದು ಹಿಂತಿರುಗಿದಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಹೋಗಿ ಬಂದರು. ಅವಳು ಏಳಲಿಲ್ಲ. ಆಗ ಹಿಂದಿನದೆಲ್ಲ ನೆನಪು ಮಾಡಿಕೊಳ್ಳಲು ಯತ್ನಿಸಿದೆ. ಆ ಸೋಮವಾರದಿಂದ ಈಚೆಗೆ, ಒಂದು ವರ್ಷಕ್ಕೂ ಮೇಲೆ, ಅವಳು ಪಾಠದ ನಡುವೆ ಹೊರಗೆ ಹೋಗಿದ್ದು ನನಗೆ ಒಂದು ಸಲವೂ ನೆನಪಿಗೆ ಬರಲಿಲ್ಲ.

ಮಕ್ಕಳೆಲ್ಲ ಆಟಕ್ಕೆ ಹೋದಾಗ ಅವಳನ್ನು ಹತ್ತಿರ ಕರೆದೆ. ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟೆ. "ಕುಡಿ ಪುಟ್ಟಿ. ಯಾವಾಗ ಬೇಕಾದ್ರೂ ಎದ್ದು ಹೊರಗ್ ಹೋಗು, ನನ್ನ ಕೇಳೋದೇ ಬೇಡ," ಎಂದೆ. ನನ್ನ ದನಿ ಬೇಡಿಕೊಳ್ಳುವ ಹಾಗಿತ್ತು.

ಅವಳು ಬಾಟಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ತುಟಿಯೊಳಗೆ ಒಂದು ಸಲ ಹೇಳಿಕೊಂಡು ನೋಡಿದಳು. ಆಮೇಲೆ ಸ್ಪಷ್ಟವಾಗಿ, ನಾನು ಹೇಳಿಕೊಟ್ಟಿದ್ದ ಹಾಗೆಯೇ ಹೇಳಿದಳು.

"ಐ ಆಮ್ ನಾಟ್ ಥರ್ಸ್ಟಿ, ಮಿಸ್."

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ತುಟಿ ಒಣಗಿ ಬಿರಿದಿತ್ತು.