ಇಳಕಲ್ ಸೀರೆ ಉಟ್ಟ ತಪ್ಪಿಗೆ

ನಾನು ಧಾರವಾಡದಲ್ಲಿ ಮಾನವಶಾಸ್ತ್ರದ ಎಂ.ಎ. ಮುಗಿಸಿ ಬ್ಯಾಡಗಿಗೆ ಬಂದ ದಿನವೇ, ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ನಮ್ಮ ಕಾಕಾ ಕೇಳಿದರು: "ಮನಷ್ಯಾರ ಬಗ್ಗೆ ತಿಳಕೊಳ್ಳಾಕ ಎರಡ ವರ್ಷ ಬೇಕಾತೇನವಾ? ನಮ್ಮ ಅಂಗಡ್ಯಾಗ ಒಂದ ಸೀಜನ್ ಕುಂತಿದ್ರ ಎಲ್ಲಾ ತಿಳೀತಿತ್ತು." ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯಿತು.

ರಾಣೆಬೆನ್ನೂರಿನ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯ ಕೆಲಸ ಕೇಳಿಕೊಂಡು ಹೋದೆ. ಸಮಾಜಶಾಸ್ತ್ರ ಓದಿದವರು ಬೇಕು, ನಿಮ್ಮದು ಬೇರೆ ಎಂದು ಬಾಗಿಲಲ್ಲೇ ಸಾಗಹಾಕಿದರು. ಹಾವೇರಿಯ ಕಚೇರಿಯೊಂದರಲ್ಲಿ ವಿಚಾರಿಸಿದರೆ ಅಲ್ಲಿನ ಗುಮಾಸ್ತ "ಬಿ.ಎಡ್. ಮಾಡ್ರೆಲಾ" ಎಂದು ಬಿಟ್ಟಿ ಸಲಹೆ ಕೊಟ್ಟ. ಶಾಲೆಯಲ್ಲಿ ಕಲಿಸದ ವಿಷಯಕ್ಕೆ ಯಾವ ಬಿ.ಎಡ್. ಮಾಡಲಿ, ಪುಣ್ಯಾತ್ಮಾ! ಅಷ್ಟೊತ್ತಿಗೆ ಮನೆಯಲ್ಲಿ ವರ ನೋಡುವ ಮಾತು ಶುರುವಾಗಿತ್ತು.

ಅಂಥದರಲ್ಲಿ ನನಗೊಂದು ಕೆಲಸ ಸಿಕ್ಕಿತು. ನಮ್ಮ ಭಾಗದ ಒಂದು ಜಾತಿಯವರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುತ್ತಿದ್ದರು. ಯಾವ ಜಾತಿ ಎಂದು ಹೇಳುವುದಿಲ್ಲ, ಹೇಳಿದರೆ ನಾಳೆ ನಮ್ಮ ಮನೆ ಮುಂದೆ ಜನ ಕೂಡುತ್ತಾರೆ. ಹಾಗೆ ಸೇರಿಸುವ ಮೊದಲು ಅವರ ದೇವರು, ಊಟ, ಉಡುಗೆ, ಬಡತನ ಎಲ್ಲವನ್ನೂ ನೋಡಿ ಬಂದು ವರದಿ ಬರೆಯಬೇಕು. ಅದಕ್ಕೆ ಕುಲಶಾಸ್ತ್ರ ಅಧ್ಯಯನ ಎನ್ನುತ್ತಾರೆ. ನಮ್ಮ ಪದವಿ ಸರಕಾರಕ್ಕೆ ನೆನಪಾಗುವುದು ಆಗ ಮಾತ್ರ. ಆದರೂ ನಾನು ಹಿಗ್ಗಿದ್ದೆ. ಕಾಕಾನ ಬಾಯಿ ಮುಚ್ಚಿತಲ್ಲ!

ನಮ್ಮ ತಂಡದ ಮುಖ್ಯಸ್ಥರು ಬೆಂಗಳೂರಿನಿಂದ ಬಂದವರು. ಅವರ ಜೊತೆ ಐರಣಿಯ ಹತ್ತಿರದ ಒಂದು ಊರಿಗೆ ಹೋದೆ. ನಾವು ಬರುತ್ತೇವೆಂದು ಊರಿನ ಮುಖಂಡ ಆ ಜಾತಿಯವರ ಒಂದು ಮನೆಗೆ ಮೊದಲೇ ಸುದ್ದಿ ಮುಟ್ಟಿಸಿದ್ದ. ನಮ್ಮ ಕಡೆ ಮನೆಗೆ ಯಾರಾದರೂ ಬರುತ್ತಾರೆಂದರೆ ಏನು ಮಾಡುತ್ತಾರೋ ಆ ಮನೆಯ ಅಜ್ಜಿ ಅದನ್ನೇ ಮಾಡಿದ್ದಳು. ಗೋಡೆಗೆ ಹೊಸ ಸುಣ್ಣ ಬಳಿಸಿದ್ದಳು. ಕುರ್ಚಿಗಳು ಎದುರು ಮನೆಯವು, ಚಹಾದ ಕಪ್ಪು ಬಸಿಗಳು ಪಕ್ಕದ ಮನೆಯವು. ಮಗಳ ಮದುವೆಯಲ್ಲಿ ಬೀಗರು ಕೊಟ್ಟ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಬಾಗಿಲಲ್ಲಿ ನಿಂತಿದ್ದಳು.

"ಬರ್ರಿ, ಒಳಗ ಬರ್ರಿ. ಕಾಲಿಗೆ ನೀರ ಕೊಡ್ತೇನಿ," ಎಂದಳು. ಆಮೇಲೆ ನನ್ನ ಕೈ ಹಿಡಿದು ಮೆಲ್ಲಗೆ, "ಯವ್ವಾ, ನಮ್ಮ ಮೊಮ್ಮಗಳು ನರ್ಸಿಂಗ್ ಓದತೇನಿ ಅಂತಾಳ. ಇದೊಂದು ಆದ್ರ ಆಕಿಗೆ ಸೀಟ ಸಿಗತೈತಂತ. ಚಲೋ ಮಾಡಿ ಬರೀರಿ," ಎಂದಳು.

ಮುಖ್ಯಸ್ಥರು ಹೊಸ್ತಿಲು ದಾಟಲೇ ಇಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಗುರ್ ಎಂದರು. "ಏನ್ರೀ ಇದು? ಈ ಫೋಟೋ ಹಾಕಿದ್ರೆ ಇವರನ್ನ ಹಿಂದುಳಿದವರು ಅಂತ ಯಾರು ನಂಬ್ತಾರೆ? ಆ ಕುರ್ಚಿಗಳನ್ನ ತೆಗೆಸಿ. ಆಯಮ್ಮಂಗೆ ಯಾವುದಾದ್ರೂ ಹರಿದ ಸೀರೆ ಉಟ್ಕೊಂಡು ಬಾ ಅಂತ ಹೇಳಿ."

ನನ್ನ ಪಿತ್ತ ನೆತ್ತಿಗೇರಿತು. ಆ ಮನೆಯಲ್ಲಿ ಬಡತನ ಇರಲಿಲ್ಲವೇ? ಸುಣ್ಣದ ಹಿಂದೆ ಬಿರುಕು ಬಿಟ್ಟ ಗೋಡೆ ಇತ್ತು, ಒಳಗೆ ಒಂದೇ ಕೋಣೆ ಇತ್ತು, ಕಣ್ಣಿದ್ದವರಿಗೆ ಕಾಣುತ್ತಿತ್ತು. ಕೂತು ಮಾತಾಡಿಸಿದ್ದರೆ ಕುರ್ಚಿ ಯಾರದೆಂದು ಆಕೆಯೇ ಹೇಳುತ್ತಿದ್ದಳು. ಎರಡು ವರ್ಷ ನಾನು ಓದಿದ್ದೇ ಅದನ್ನು, ಜನರ ಜೊತೆ ಕೂತು ಮಾತಾಡಿಸುವುದನ್ನು! ಈ ಮನುಷ್ಯನಿಗೆ ಹರಿದ ಸೀರೆಯ ಫೋಟೋ ಬೇಕು, ಅಷ್ಟೇ.

"ನನ್ನ ಕಡಿಂದ ಆಗೂದಿಲ್ರೀ ಸರ್," ಎಂದೆ. "ಮನಿಗೆ ಮಂದಿ ಬರ್ತಾರಂದ್ರ ನಿಮ್ಮ ತಾಯಿ ಹರಕ ಸೀರಿ ಉಟ್ಕೊಂಡ ಕುಂದರ್ತಾರೇನ್ರೀ?"

ಅವರು ಕೆಂಪಗಾದರು. "ಹಾಗಾದ್ರೆ ಈ ಊರೇ ಬೇಡ. ನೀವೂ ಬೇಡ," ಎಂದು ಜೀಪು ಹತ್ತಿ ಹೋಗಿಯೇ ಬಿಟ್ಟರು. ಅಜ್ಜಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ ಅಂಗಳದಲ್ಲಿ ಉಳಿದವಳು ನಾನೊಬ್ಬಳೇ. ನಾನು ಚಹಾ ಕುಡಿದು, ಆಕೆಗೆ ನನ್ನ ಫೋನ್ ನಂಬರ್ ಕೊಟ್ಟು, ಬಸ್ಸು ಹಿಡಿದು ಊರಿಗೆ ಬಂದೆ.

ಈಗ ಕಾಕಾನ ಅಂಗಡಿಯಲ್ಲಿ ಕೂತಿದ್ದೇನೆ. ಮೆಣಸಿನಕಾಯಿ ಘಾಟಿಗೆ ಕಣ್ಣು ಉರಿಯುತ್ತದೆ. ಆ ಜೀಪು ನೆನಪಾದರೆ ಹೊಟ್ಟೆ ಅದಕ್ಕಿಂತ ಹೆಚ್ಚು ಉರಿಯುತ್ತದೆ. ಆತ ಇನ್ನೂ ಊರೂರು ತಿರುಗಿ ಫೋಟೋ ತೆಗೆಯುತ್ತಿದ್ದಾನೆ. ಆತನ ವಿಷಯವೂ ಮಾನವಶಾಸ್ತ್ರವೇ, ಬೆಂಕಿ ಬೀಳಲಿ.

ಮೊನ್ನೆ ಆ ಅಜ್ಜಿ ಫೋನ್ ಮಾಡಿದ್ದಳು. ನನ್ನ ಕೆಲಸ ಹೋದದ್ದು ಆಕೆಗೆ ಗೊತ್ತಿರಲಿಲ್ಲ. ಹೇಳೋಣವೆಂದರೆ ಮಾತಾಡಲು ಬಿಡಲೇ ಇಲ್ಲ.

"ಯವ್ವಾ, ವರದ್ಯಾಗ ನಮ್ಮೂರ ಬಿಟ್ಟಾರಂತ. ಅವತ್ತ ಸಾಹೇಬ್ರು ಅಂದದ್ದನ್ನ ನಮ್ಮ ಮುಖಂಡ ಕೇಳಿ ಊರ ತುಂಬ ಹೇಳ್ಯಾನ. ನಿನ್ನ ಸೀರಿಯಿಂದನ ಎಲ್ಲಾ ಕೆಟ್ಟತು ಅಂತ ಮಂದಿ ನನಗ ಬೈಯಾಕತ್ತಾರ. ಮೊಮ್ಮಗಳೂ ಮಾತ ಬಿಟ್ಟಾಳ. ನಿಮ್ಮ ಸಾಹೇಬರಿಗೆ ಹೇಳ್ರೆವಾ, ಇನ್ನೊಮ್ಮೆ ಬರಲಿ. ಹರಕ ಸೀರಿ ಉಟ್ಕೊಂಡ ನೆಲದ ಮ್ಯಾಲ ಕುಂತಿರ್ತೇನಿ. ಒಳಗ ಬರ್ರಿ ಅಂತ ಕರಿಯೂದೂ ಇಲ್ಲ."