ಅತ್ತೆಯ ಕಿವಿಗೆ ಬೀಳದ ಭಾಷೆ

ಆಂಧ್ರದ ಅಂಚಿನ ನಮ್ಮ ಆದವಾನಿಯಲ್ಲಿ ಗುಟ್ಟು ಹೇಳುವುದಕ್ಕೆ ಭಾಷೆಯೇ ಇಲ್ಲ. ಈ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಬೇರೆ ಊರಿನ ಗಂಡಹೆಂಡಿರು ಮನೆಯವರಿಗೆ ತಿಳಿಯಬಾರದ ಮಾತು ಬಂದರೆ ತಟ್ಟನೆ ಇನ್ನೊಂದು ಭಾಷೆಗೆ ಹೊರಳುತ್ತಾರಂತೆ. ನಾವು ಹೊರಳುವುದಾದರೂ ಎಲ್ಲಿಗೆ? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕೆಲಸದ ಬೀಬಿಯ ಜೊತೆ ಉರ್ದು, ಟೀವಿಯಲ್ಲಿ ಹಿಂದಿ, ಮಕ್ಕಳ ಬಾಯಲ್ಲಿ ಇಂಗ್ಲಿಷು. ಒಂದು ವಾಕ್ಯ ಮುಗಿಯುವುದರೊಳಗೆ ಎರಡು ಭಾಷೆ ದಾಟಿ ಬಂದಿರುತ್ತೇವೆ.

ನಮ್ಮ ಮನೆಯಲ್ಲಿ ಹನ್ನೊಂದು ಜನ. ಅಂದರೆ ಇಪ್ಪತ್ತೆರಡು ಕಿವಿ. ಅದರಲ್ಲಿ ನಮ್ಮ ಅತ್ತೆಯ ಎರಡನ್ನು ಇಪ್ಪತ್ತೆಂದು ಲೆಕ್ಕ ಹಿಡಿಯಬೇಕು. ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು, ಕಿವಿ ಮಾತ್ರ ಹಿತ್ತಲಲ್ಲಿ ಬೆಕ್ಕು ನಡೆದರೂ ಯಾರ ಮನೆಯ ಬೆಕ್ಕೆಂದು ಹೇಳುತ್ತದೆ. ನನ್ನ ಗಂಡ ಮತ್ತು ಮೈದುನ ಸೇರಿ ಹತ್ತಿ ಯಾರ್ಡಿನಲ್ಲಿ ರೈತರ ಹತ್ತಿ ಮಾರಿಕೊಡುವ ಅಡತಿ ಅಂಗಡಿ ನಡೆಸುತ್ತಾರೆ. ಅಡಿಗೆಮನೆ ನನ್ನದು ಮತ್ತು ತೆಲುಗರ ಊರಾದ ಪತ್ತಿಕೊಂಡದಿಂದ ಬಂದ ನನ್ನ ನೆಗೆಣ್ಣಿ, ಮೈದುನನ ಹೆಂಡತಿಯದು. ಒಳ್ಳೆಯ ಮನೆ. ಉಣ್ಣಲು ಉಡಲು ಕೊರತೆಯಿಲ್ಲ, ಹೊಡೆದಾಟ ಬಡಿದಾಟವಿಲ್ಲ. ಆದರೆ ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಗಂಡನ ಜೊತೆ ಮೂರನೆಯವರ ಕಿವಿಗೆ ಬೀಳದಂತೆ ಹತ್ತು ನಿಮಿಷ ಮಾತಾಡಿದ ನೆನಪು ನನಗಿಲ್ಲ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಹತ್ತಿ ಸುಗ್ಗಿ ಮುಗಿದ ಮೇಲೆ ಇಬ್ಬರೇ ಎರಡು ದಿನ ಎಲ್ಲಾದರೂ ಹೋಗಬೇಕು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದರೆ ಗೋವಾ. ನಾನು ಸಮುದ್ರ ನೋಡಿರಲಿಲ್ಲ. ಸಮುದ್ರದ ಮುಂದೆ ಕೂತು ಗಂಡನ ಜೊತೆ ಮಾತಾಡಬೇಕು, ಅಷ್ಟೇ.

ಈ ಮಾತನ್ನು ಮೊದಲು ತೆಲುಗಿನಲ್ಲಿ ಎತ್ತಿದೆ. ಒಗ್ಗರಣೆ ಹಾಕುತ್ತಿದ್ದ ನೆಗೆಣ್ಣಿ ತಿರುಗಿ, "ಎಪ್ಪುಡು ಪೋದಾಂ ಅಕ್ಕಾ?" ಎಂದು ಯಾವಾಗ ಹೊರಡೋಣವೆಂದೇ ಕೇಳಿದಳು. ಉರ್ದುವಿನಲ್ಲಿ ಹೇಳಿ ನೋಡಿದೆ. ಪಾತ್ರೆ ತಿಕ್ಕುತ್ತಿದ್ದ ಬೀಬಿ, "ಮೈ ಬೀ ಆತ್ಯೂಂ ಅಮ್ಮಾ" ಎಂದು ತಾನೂ ಹೊರಡಲು ಕೈ ತೊಳೆದೇಬಿಟ್ಟಳು. ಇಂಗ್ಲಿಷಿನಲ್ಲಿ ಹೇಳಿದರೆ ಮೈದುನನ ಮಗಳು ನಮ್ಮ ತಪ್ಪು ತಿದ್ದಿದಳು. ಕೊನೆಗೆ ನನ್ನ ಗಂಡ ಒಂದು ಉಪಾಯ ಹೂಡಿದರು. ನಮ್ಮ ಮಾವನವರ ಕಾಲದಲ್ಲಿ ಯಾರ್ಡಿನಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಬ್ಬರ ಕೈ ಮೇಲೆ ಟವೆಲ್ಲು ಹಾಕಿ, ಅದರ ಅಡಿಯಲ್ಲಿ ಬೆರಳು ಒತ್ತಿ ಹೇಳುವುದು. ದನದ ಸಂತೆಯಲ್ಲಿ ಇಂದಿಗೂ ಹಾಗೇ. ಇವರು ಅದನ್ನು ನನಗೆ ಕಲಿಸಲು ಕೂತರು. ಬೆರಳಿನಲ್ಲಿ ಸಂಖ್ಯೆ ಹೇಳಬಹುದು, ಗೋವಾ ಹೇಳುವುದು ಹೇಗೆ? ಎಂದು ನಾನು ಕೇಳುತ್ತಿರುವಾಗಲೇ ಅತ್ತೆ ಬಂದರು. ಮಂಜು ಕಣ್ಣಿಗೂ ಟವೆಲ್ಲಿನ ಅಡಿಯ ಕೈಗಳು ಕಂಡವು.

"ಹಾಡುಹಗಲ ಪಡಸಾಲ್ಯಾಗ! ಏನ್ ನಾಚಿಕಿಲ್ಲದ ಕಾಲ ಬಂತವ್ವಾ!" ಎಂದು ಹೋದರು. ಒಂದು ವಾರ ಮನೆಯ ಹೆಂಗಸರೆಲ್ಲ ಟವೆಲ್ಲು ಕಂಡರೆ ಕಿಸಕ್ಕೆಂದು ನಗುತ್ತಿದ್ದರು.

ಆಗ ನಾನೇ ನಿಶ್ಚಯಿಸಿದೆ. ಈ ಮನೆಯಲ್ಲಿ ಯಾರಿಗೂ ಬಾರದ ಭಾಷೆಯೊಂದನ್ನು ನಾವಿಬ್ಬರೂ ಫೋನಿನಲ್ಲಿ ಕಲಿಯಬೇಕು. ಕೊರಿಯನ್ ಆಗದು, ಮೈದುನನ ಮಗಳು ದಿನವೆಲ್ಲ ಅದರದೇ ಸೀರಿಯಲ್ ನೋಡುತ್ತಾಳೆ. ಸ್ಪ್ಯಾನಿಶನ್ನು ಆಕೆ ಲಾಕ್‌ಡೌನಿನಲ್ಲಿ ಅರ್ಧ ಕಲಿತು ಕೂತಿದ್ದಾಳೆ. ಅರಬ್ಬಿ ಬೀಬಿಯ ಅಣ್ಣನಿಗೆ ಬರುತ್ತದೆ. ಫ್ರೆಂಚಿನಲ್ಲಿ ಬರೆದದ್ದೇ ಒಂದು, ಓದುವುದೇ ಒಂದು. ಜರ್ಮನ್ ಮಾತಾಡಿದರೆ ಜಗಳವೆಂದು ತಿಳಿದು ಬಿಡಿಸಲು ಓಡಿಬಂದಾರು. ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ಎರಡು, ಇಟಾಲಿಯನ್ ಮತ್ತು ಪೋರ್ಚುಗೀಸ್.

ನನ್ನ ಮನಸ್ಸು ಇಟಾಲಿಯನ್ ಮೇಲೆ. "ಇಯೊ ಮಾಂಜೊ ಲಾ ಮೇಲಾ." ನಾನು ಸೇಬು ತಿನ್ನುತ್ತೇನೆ ಎಂದು ಅರ್ಥ. ಎಷ್ಟು ಚೆಂದ ನೋಡಿ, ಬಾಯಿ ತುಂಬ ಬೆಲ್ಲ ಇಟ್ಟುಕೊಂಡಂತೆ. ಇವರಿಗೆ ಪೋರ್ಚುಗೀಸೇ ಬೇಕು. ಹೋಗುವುದು ಗೋವಾಕ್ಕೆ, ಅಲ್ಲಿನ ಹಳಬರು ಆ ಭಾಷೆ ಆಡುತ್ತಾರೆ, ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಇವರ ವಾದ. ಕೇಳಿ ನೋಡಿದೆ. ನೆಗಡಿಯಾದವರು ಮೂಗಿನಲ್ಲಿ ಚಾಡಿ ಹೇಳಿದ ಹಾಗಿತ್ತು.

"ನಿಮ್ಮ ಪೋರ್ಚುಗೀಸ್ ನಮ್ಮನ್ಯಾಗ ಮೊದಲ ಬಂದು ಕುಂತೈತ್ರಿ" ಎಂದೆ. "ಮೇಜು, ಚಾವಿ, ಸಾಬೂನು, ಅಲಮಾರಿ, ಎಲ್ಲಾ ಅವರು ಬಿಟ್ಟುಹೋದ ಮಾತಂತ. ಅತ್ತಿಯವರಿಗೆ ಅರ್ಧ ತಿಳದಬಿಡ್ತೈತಿ."

"ನಿನ್ನ ಇಟಾಲಿಯನ್ ಏನ್ ಕಡಿಮಿ? ತೆಲುಗು ಮಾತಾಡಿದಂಗ ಐತಿ. ಪತ್ತಿಕೊಂಡದಾಕಿ ಎರಡ ದಿನದಾಗ ಹಿಡೀತಾಳ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಒಂದು ವಾರ ಜಗ್ಗಾಡಿದೆವು. ಹಿತ್ತಲಲ್ಲಿ, ಮೆಟ್ಟಿಲ ಮೇಲೆ, ನೀರಿನ ತೊಟ್ಟಿಯ ಹಿಂದೆ, ಎರಡೆರಡು ಮಾತಿನಲ್ಲಿ. ಅಲ್ಲಿಯವರೆಗೆ ಗುಟ್ಟು ಗುಟ್ಟಾಗಿಯೇ ಇತ್ತು. ಆಮೇಲೆ ನನ್ನ ಗಂಡ ಮಾಡಿದ ಕೆಲಸವನ್ನು ನಮ್ಮಂಥ ಮನೆಯಲ್ಲಿ ಹುಟ್ಟಿ ಬೆಳೆದವರು ಮಾತ್ರ ಮಾಡಬಲ್ಲರು.

ನಮ್ಮ ಮನೆಯಲ್ಲಿ ಯಾವ ತೀರ್ಮಾನವೂ ಹನ್ನೊಂದು ಜನ ಕೂಡದೆ ಆಗುವುದಿಲ್ಲ. ಫ್ರಿಜ್ಜಿನ ಬಣ್ಣವಿರಲಿ, ಸೊಸೆ ತರುವ ಊರಿರಲಿ, ಭಾನುವಾರದ ಊಟಕ್ಕೆ ಕೂತಾಗ ಎದುರಿಗಿಟ್ಟು ಎಲ್ಲರ ಅಭಿಪ್ರಾಯ ಕೇಳುವುದು ರೂಢಿ. ಇವರಿಗೆ ಆ ರೂಢಿ ರಕ್ತದಲ್ಲೇ ಇದೆ. ಆ ಭಾನುವಾರ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಅದ್ದಿ, ಎಲ್ಲರ ಮುಖ ನೋಡಿ, ಅಚ್ಚಗನ್ನಡದಲ್ಲಿ ಕೇಳಿಯೇಬಿಟ್ಟರು.

"ನಾವಿಬ್ಬರೂ ಒಂದು ಭಾಷಿ ಕಲೀಬೇಕಂತ ಮಾಡೀವಿ. ಇಟಾಲಿಯನ್ನೋ ಪೋರ್ಚುಗೀಸೋ? ನೀವೆಲ್ಲಾ ಏನಂತೀರಿ?"

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಅಯ್ಯೋ ನನ್ನ ಕರ್ಮವೇ! ಕಳ್ಳ ತಾನು ಕನ್ನ ಹಾಕುವ ಗೋಡೆಯನ್ನು ಪೊಲೀಸರಿಗೇ ತೋರಿಸಿ ಇದು ಸರಿಯೋ ಅದು ಸರಿಯೋ ಎಂದು ಕೇಳಿದಂತಾಯಿತು. ಇವರಿಗೆ ಅದು ಹೊಳೆಯಲೂ ಇಲ್ಲ. ಮುಖದಲ್ಲಿ ಒಂದಿಷ್ಟೂ ಕಪಟವಿಲ್ಲ.

ಊಟದ ಸಭೆ ರಂಗೇರಿತು. ಮೈದುನ ಪೋರ್ಚುಗೀಸಿನ ಪಕ್ಷ. ಬ್ರೆಜಿಲ್ ದೇಶದ ಹತ್ತಿಯವರು ಆಡುವುದು ಅದೇ ಭಾಷೆ, ನಾಳೆ ವ್ಯಾಪಾರಕ್ಕಾದೀತು ಎಂದ. ನೆಗೆಣ್ಣಿ ಇಟಾಲಿಯನ್ ಪಕ್ಷ. ತೆಲುಗೆಂದರೆ ನಮ್ಮ ಕಡೆಯ ಇಟಾಲಿಯನ್ ಎಂದು ಅವಳಿಗೆ ಶಾಲೆಯ ಮೇಷ್ಟರು ಹೇಳಿದ್ದರಂತೆ, ಹಾಗಾಗಿ ಅದು ಅವಳ ತವರಿನ ಮಾನದ ಪ್ರಶ್ನೆ. ಕೈ ಎತ್ತಿಸಿದರು. ಇಟಾಲಿಯನ್ನಿಗೆ ಆರು, ಪೋರ್ಚುಗೀಸಿಗೆ ಮೂರು. ಅತ್ತೆ ಕೈ ಎತ್ತಲಿಲ್ಲ. ಸಿಟ್ಟಿಗೆ ನಾನೂ ಎತ್ತಲಿಲ್ಲ.

ಗೆದ್ದದ್ದು ನನ್ನ ಭಾಷೆಯೇ, ಆದರೆ ಗೆದ್ದು ಏನು ಬಂತು? ಬುಧವಾರದ ಹೊತ್ತಿಗೆ ಮನೆಯ ಪ್ರತಿ ಫೋನಿನಲ್ಲೂ ಇಟಾಲಿಯನ್ ಪಾಠ. ಬೆಳಿಗ್ಗೆ ಉಗ್ಗಾಣಿಗೆ ಮಂಡಕ್ಕಿ ನೆನೆಸುತ್ತ ನೆಗೆಣ್ಣಿ, "ಬೊಂಜೋರ್ನೊ ಅಕ್ಕಾ" ಎಂದು ನಮಸ್ಕಾರ ಹೇಳುತ್ತಾಳೆ. ಬೀಬಿ ಒಳಗೆ ಕಾಲಿಡುತ್ತಲೇ "ಬೊಂಜೋರ್ನೊ ಅಮ್ಮಾ." ಗುಟ್ಟಿಗೆಂದು ಹುಡುಕಿದ ಭಾಷೆ ನಮ್ಮ ಮನೆಯ ಆರನೆಯ ಭಾಷೆಯಾಗಿ ಕೂತಿತು. ನನಗೆ ನಗುವೂ ಬರುತ್ತಿತ್ತು, ಇವರನ್ನು ಒನಕೆಯಿಂದ ಕುಟ್ಟಬೇಕೆಂದೂ ಅನಿಸುತ್ತಿತ್ತು.

"ಹಂಗಾರ ಉಳದದ್ದು ಪೋರ್ಚುಗೀಸ್ ಒಂದ" ಎಂದರು ಇವರು, ತಾವೇ ಗೆದ್ದವರಂತೆ. ಬೇರೆ ದಾರಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು ಪೋರ್ಚುಗೀಸ್ ಹಿಡಿದೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು, ರೊಟ್ಟಿ ತಟ್ಟುತ್ತ ಕಲಿತೆ. ಒಂದು ತಿಂಗಳಲ್ಲಿ ಹುಡುಗ ಹಾಲು ಕುಡಿಯುತ್ತಾನೆ, ಬೆಕ್ಕು ಮೇಜಿನ ಕೆಳಗಿದೆ ಎಂಬಷ್ಟು ಬಂತು. ಇವರಿಗೂ ಅಷ್ಟೇ. ಇಪ್ಪತ್ತೆಂಟು ವರ್ಷ ಕಾದು, ಗಂಡನಿಗೆ ಗುಟ್ಟಾಗಿ ಹೇಳಿದ ಮೊದಲ ಮಾತು ಬೆಕ್ಕಿನದು. ಆದರೂ ಖುಷಿಯಾಯಿತು. ಅತ್ತೆ ಎದುರಿಗೇ ಕೂತಿದ್ದರು, ಅವರ ಮುಖದಲ್ಲಿ ಏನೂ ಕದಲಲಿಲ್ಲ.

ಧೈರ್ಯ ಬಂತು. ಒಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿದ್ದಾಗ, ಶೇಂಗಾ ಸುಲಿಯುತ್ತ, ಎರಡು ದಿನದಿಂದ ಬಾಯಿಪಾಠ ಮಾಡಿದ್ದ ವಾಕ್ಯವನ್ನು ಮೆಲ್ಲಗೆ ಆಡಿದೆ. "ವಾಮುಸ್ ಪಾರಾ ಗೋವಾ?"

ಹತ್ತು ತಲೆಗಳೂ ಒಟ್ಟಿಗೆ ಮೇಲೆದ್ದವು.

"ಗೋವಾ?" ಎಂದ ಮೈದುನ.

"ಯಾವಾಗ ದೊಡ್ಡಮ್ಮಾ?" ಎಂದಳು ಅವನ ಮಗಳು.

ಯಾವ ಭಾಷೆಯಲ್ಲಿ ಹೇಳಿದರೂ ಗೋವಾ ಗೋವಾವೇ ಎಂಬ ಬುದ್ಧಿ ನನಗಾಗಲಿ ಇವರಿಗಾಗಲಿ ಬಂದಿರಲಿಲ್ಲ. ಅರ್ಧ ಗಂಟೆಯಲ್ಲಿ ಬೀಬಿಯೂ ಸೇರಿ ಹನ್ನೆರಡು ಜನರ ಪಟ್ಟಿಯಾಯಿತು. ಚಿತ್ರಾನ್ನ ಎಷ್ಟು, ಸಜ್ಜೆ ರೊಟ್ಟಿ ಎಷ್ಟು ಎಂದು ನೆಗೆಣ್ಣಿ ಎಣಿಸತೊಡಗಿದಳು. ಇವರು ಬೇಡವೆನ್ನಲಾರದೆ, "ಟೆಂಪೊ ಮಾಡಿಸಿದ್ರ ಛಲೊ" ಎಂದುಬಿಟ್ಟರು. ನಾನು ಶೇಂಗಾದ ಮೊರ ಅಲ್ಲೇ ಬಿಟ್ಟು ಹಿತ್ತಲಿಗೆ ಹೋದೆ. ಅಳು ಬಂತು. ನಗುವ ವಿಷಯಕ್ಕೆ ಅಳುತ್ತಿದ್ದೇನಲ್ಲ ಎಂದು ಇನ್ನಷ್ಟು ಅಳು ಬಂತು.

ಅತ್ತೆ ಗೋಡೆ ಹಿಡಿದು ಹಿಂದೆಯೇ ಬಂದರು.

"ಏನಾತು? ಗೋವಾಕ್ಕ ಎಲ್ಲಾರೂ ಬರ್ತಾರಂತ ಹೇಳಿದ್ರ ಅಳ್ತಿಯಲ್ಲ ಹುಡುಗಿ."

ನನಗೆ ಐವತ್ತಾಗಿದೆ, ಅವರಿಗೆ ಇನ್ನೂ ಹುಡುಗಿ. ತಡೆಯಲಾಗಲಿಲ್ಲ. "ನಾ ನಿಮ್ಮ ಮಗನ ಜೋಡಿ ಮಾತಾಡಬೇಕಾಗೇತ್ರಿ" ಎಂದೆ. "ಒಂದ ಸಲ. ಯಾರೂ ಕೇಳಬಾರದು. ಅದಕ್ಕ ಈ ವಯಸ್ಸಿನ್ಯಾಗ ಭಾಷಿ ಕಲಿಯಾಕ ಹತ್ತೀನಿ."

ಬೈಯುತ್ತಾರೆ ಎಂದುಕೊಂಡೆ. ಅವರು ಒಗೆಯುವ ಕಲ್ಲಿನ ಮೇಲೆ ಕೂತರು.

"ನಿಮ್ಮ ಮಾವನ ಜೋಡಿ ನಾ ಎಲ್ಲಿ ಮಾತಾಡ್ತಿದ್ದೆ ಗೊತ್ತೈತೇನು? ಆಗ ಅವರು ಹತ್ತಿ ಜಿನ್ನಿಂಗ್ ಮಿಲ್ಲಿನ್ಯಾಗ ಇದ್ರು. ಊಟದ ಡಬ್ಬಿ ನಾನ ಒಯ್ತೀನಂತ ಹಟ ಹಿಡೀತಿದ್ದೆ. ಮಿಷನ್ ಸಪ್ಪಳಕ್ಕ ಬಾಜೂ ನಿಂತವಗೂ ಕೇಳ್ತಿರಲಿಲ್ಲ. ಅಲ್ಲಿ ನಿಂತು ಒದರಿ ಒದರಿ ಮಾತಾಡ್ತಿದ್ವಿ. ಮನಿಯಾಗ ಮೂಕರು." ನಕ್ಕರು. "ನನ್ನ ಅತ್ತಿ ಅಂತಿದ್ಲು, ಈಕಿಗೆ ಗಂಡಗ ಉಣಸೂದಂದ್ರ ಎಷ್ಟು ಪ್ರೀತಿ ಅಂತ."

ಎಂಬತ್ತರ ಮುದುಕಿ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಅವರ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು.

ಮುಂದಿನ ಭಾನುವಾರದ ಊಟಕ್ಕೆ ಅತ್ತೆ ತೀರ್ಮಾನವನ್ನು ತಾವೇ ಮಾಡಿಕೊಂಡು ಬಂದಿದ್ದರು. "ಗೋವಾ ಬ್ಯಾಡ, ಗೀವಾ ಬ್ಯಾಡ. ನನಗ ಶ್ರೀಶೈಲದ ಮಲ್ಲಯ್ಯನ್ನ ನೋಡಬೇಕಾಗೇತಿ. ನಾಳೆ ಹೊರಡೂದು, ಎಲ್ಲಾರೂ ನನ್ನ ಜೋಡಿ ಬರ್ಬೇಕು. ಬೀಬೀನೂ ಬರ್ಲಿ, ಊರು ನೋಡ್ತಾಳ. ದೊಡ್ಡ ಮಗ, ದೊಡ್ಡ ಸೊಸಿ ಮನಿ ಕಾಯ್ಲಿ."

ಇವರು ಬಾಯಿ ಹಾಕಿದರು. "ಮನಿ ಕಾಯಾಕ ಇಬ್ಬರ್ಯಾಕವ್ವಾ? ನಾನೊಬ್ಬನ ಸಾಕು. ಆಕಿ ಪಾಪ ಎಲ್ಲೂ ಹೋಗಿಲ್ಲ, ಕರಕೊಂಡ ಹೋಗ್ರಿ."

"ಹತ್ತಿ ಎಳಿ ಹಿಡದು ನೋಡಿ ಜಾತಿ ಹೇಳ್ತಿ, ಇಷ್ಟ ತಿಳಿಯಂಗಿಲ್ಲೇನೊ ನಿನಗ? ಸುಮ್ಮಕ ಉಣ್ಣು!" ಎಂದು ಅತ್ತೆ ಗದರಿದರು. ನಾನು ನಗು ತಡೆಯಲು ಅಡಿಗೆಮನೆಗೆ ಓಡಿದೆ.

ಸೋಮವಾರ ಬೆಳಿಗ್ಗೆ ಟೆಂಪೊ ಹೊರಟಿತು. ಬಾಗಿಲು ಹಾಕಿ ಬಂದು ಪಡಸಾಲೆಯಲ್ಲಿ ಎದುರುಬದುರು ಕೂತೆವು. ಏನು ಹೇಳುವುದು? ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ಇವರು ಪಿಸುಗುಟ್ಟಿದರು, "ಬಿಸಲು ಜೋರೈತಿ." ನಾನೂ ಪಿಸುಗುಟ್ಟಿದೆ, "ಹೌದ್ರಿ." ಬರಿದಾದ ಮನೆಯಲ್ಲಿ ಒಂದು ತಾಸು ಹೀಗೆ ಪಿಸಪಿಸ ಎನ್ನುತ್ತ ಕೂತಿದ್ದೇವೆ ಎಂಬುದು ನಮಗೇ ತಿಳಿದಿರಲಿಲ್ಲ.

ಆಮೇಲೆ ಇವರು ಎದ್ದು, "ಚಾ ನಾ ಮಾಡ್ತೀನಿ" ಎಂದು ಒಳಗೆ ಹೋದರು. ಡಬ್ಬಿಗಳೆಲ್ಲ ಸದ್ದು ಮಾಡಿದವು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಗಟ್ಟಿಯಾಗಿ ಕೂಗಿ ಕೇಳಿದರು, "ಲೇ, ನಿನಗ ಸಕ್ಕರಿ ಎಷ್ಟ ಹಾಕ್ಲಿ?"

ಈ ಮನೆಯಲ್ಲಿ ಚಹಾ ಹನ್ನೊಂದು ಜನಕ್ಕೆ ಒಂದೇ ಪಾತ್ರೆಯಲ್ಲಿ ಆಗುತ್ತದೆ, ಒಂದೇ ಸಿಹಿಯಲ್ಲಿ. ನನಗೆ ಎಷ್ಟು ಬೇಕೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಹಾಕಬ್ಯಾಡ್ರಿ" ಎಂದು ನಾನೂ ಕೂಗಿದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. "ನನಗ ಸಕ್ಕರಿ ಚಾ ಸೇರಂಗಿಲ್ಲ!"

ಚಮಚ ಹಿಡಿದುಕೊಂಡೇ ಹೊರಗೆ ಬಂದರು. "ಮತ್ತ ಇಷ್ಟು ವರ್ಷ?"

"ಇಷ್ಟು ವರ್ಷ ಕುಡದೀನಿ."

ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, "ಮತ್ತ ಇನ್ನೇನೇನು ಸೇರಂಗಿಲ್ಲ ನಿನಗ? ಎಲ್ಲಾ ಹೇಳು" ಎಂದರು. ನಾನು ಹೇಳತೊಡಗಿದೆ. ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಇಬ್ಬರೂ ಏಳಲಿಲ್ಲ.